ಮೂರೂಕಾಲರ ನಡಿಗೆ

ತಲೆನೋವು ಎಂದು ಬಾಯಿಬಿಟ್ಟರೆ ಸಾಕು, ಮೈಸೂರಿನಲ್ಲಿ ಎಲ್ಲರೂ ಡಾಕ್ಟರೇ. ನಾನು ಪಾಠ ಹೇಳುವ ವಿದ್ಯಾರಣ್ಯಪುರಂ ಶಾಲೆಯ ಸ್ಟಾಫ್ ರೂಮಿನಲ್ಲೇ ಏಳು ಜನರಿದ್ದರು. ಒಬ್ಬಾಕೆ ನೀರು ಸಾಲದು ಅಂದರು, ಇನ್ನೊಬ್ಬಾಕೆ ಕನ್ನಡಕ ಸರಿಯಿಲ್ಲ ಅಂದರು. ಹೆಡ್‌ಮಾಸ್ಟರು ತಮ್ಮ ಜ್ಞಾನವನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು: "ಟೆನ್ಷನ್ ಕಣ್ರೀ ಮೇಡಂ. ಹೆಂಗಸರಿಗೆ ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ."

ನನ್ನ ಟೆನ್ಷನ್‌ಗೆ ಗಡಿಯಾರ ನೋಡಲು ಬರುತ್ತಿತ್ತು. ದಿನಾ ಮಧ್ಯಾಹ್ನ ಮೂರೂಕಾಲಕ್ಕೆ ಬಲಗಣ್ಣಿನ ಹಿಂದೆ ಯಾರೋ ಕೂತು ತೆಂಗಿನಕಾಯಿ ತುರಿಯಲು ಶುರುಮಾಡುತ್ತಿದ್ದರು. ಅದೊಂದೇ ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು. ಅದೇ ಕಡೆಯ ಮೂಗು ಸೋರುತ್ತಿತ್ತು, ರೆಪ್ಪೆ ಜೋತುಬೀಳುತ್ತಿತ್ತು. ಎಡಗಡೆಗೆ ಏನೂ ಆಗುತ್ತಿರಲಿಲ್ಲ. ಕೂರಲಾಗದು, ಮಲಗಲಂತೂ ಆಗದು, ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಇರಬೇಕು. ಮುಕ್ಕಾಲು ಗಂಟೆಯಾದ ಮೇಲೆ ನಲ್ಲಿ ನಿಲ್ಲಿಸಿದ ಹಾಗೆ ನಿಂತುಬಿಡುತ್ತಿತ್ತು. ಆರೇಳು ವಾರ ಹೀಗೆ ಕಾಡಿ ತಿಂಗಳುಗಟ್ಟಲೆ ಪತ್ತೆಯಿಲ್ಲ. ಮುಂದಿನ ವರ್ಷ ಮತ್ತೆ ಹಾಜರು.

ಒಬ್ಬ ಡಾಕ್ಟರು ಸೈನಸ್ ಎಂದು ಡಬ್ಬಿಗಟ್ಟಲೆ ಮಾತ್ರೆ ತಿನ್ನಿಸಿದರು. ಹಲ್ಲಿನ ಡಾಕ್ಟರು ಗಟ್ಟಿಮುಟ್ಟಾದ ದವಡೆಹಲ್ಲೊಂದನ್ನು ಕಿತ್ತು, ಏನೋ ಗೆದ್ದವರಂತೆ ನನ್ನ ಕೈಗೇ ಕೊಟ್ಟರು. ಬೋಗಾದಿಯ ಕಡೆ ಅರೆತಲೆನೋವಿಗೆ ಔಷಧಿ ಹಾಕುವವನೊಬ್ಬ ಮೂಗಿಗೆ ತುಂಬೆಸೊಪ್ಪಿನ ರಸ ಬಿಟ್ಟ. ಅಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ, ಹಣೆಗೆ ಮುಲಾಮು ಮೆತ್ತಿ, ಕಿಟಕಿ ಮುಚ್ಚಿ, "ಅಲ್ಲಾಡದೆ ಮಲಕ್ಕೋ" ಎಂದು ಹೊರಗಿನಿಂದ ಚಿಲಕ ಹಾಕಿದಳು. ಕತ್ತಲಲ್ಲಿ ನಾನು ಗೋಡೆಗೆ ಹಣೆ ಗುದ್ದಿಕೊಳ್ಳುವ ಸದ್ದು ಕೇಳಿ, "ಥೇಟ್ ನಿಮ್ಮ ಮಾವನ ನಾಟಕ" ಅಂದಳು.

ಮಾವ ಅಂದರೆ ಅಮ್ಮನ ತಮ್ಮ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೇ ಇದ್ದರು. ವರ್ಷದಲ್ಲಿ ಕೆಲವು ವಾರ, ಮಧ್ಯಾಹ್ನವಾಯಿತೆಂದರೆ ತಣ್ಣೀರಿನ ಚೊಂಬನ್ನು ಕಣ್ಣಿಗೆ ಒತ್ತಿಕೊಂಡು, ಒಂದು ಭುಜ ಎತ್ತಿಕೊಂಡು, ಹಿತ್ತಲಲ್ಲಿ ಸುತ್ತುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳುವ ಕಳ್ಳಾಟ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಬಂದವರ ಮುಂದೆ ನಾನು ಖಾಲಿ ಚೊಂಬು ಹಿಡಿದು ಭುಜ ಎತ್ತಿ ನಡೆದು ತೋರಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ನನ್ನ ಕೈಗೆ ಕೋಡುಬಳೆ ಬರುತ್ತಿತ್ತು. ಅಂಥ ದರಿದ್ರ ಮಗು ನಾನು.

ಮಾವನಿಗೆ ಒಂದು ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಮಾವ ಹಿತ್ತಲಲ್ಲಿದ್ದರು, ಸ್ವಲ್ಪ ತಲೆನೋವು ಎಂದು ಅಮ್ಮ ಹೇಳಿದಳು. ಎಂಥ ತಲೆನೋವು ಎಂದು ನಾನು ನಡುಮನೆಯಲ್ಲಿ ಮಾಡಿ ತೋರಿಸಿದೆ. ಅವರೂ ನಕ್ಕರು, ಕಾಫಿ ಮುಗಿಸಿ ಹೋದರು, ಮತ್ತೆ ಬರಲಿಲ್ಲ. ಮಾವನಿಗೆ ಮದುವೆಯೇ ಆಗಲಿಲ್ಲ. ನಾನು ಮಾಡಿದ್ದು ಅವರಿಗೆ ಗೊತ್ತಿಲ್ಲ ಎಂದು ನಂಬಿಕೊಂಡೇ ದೊಡ್ಡವಳಾದೆ.

ಆರು ವರ್ಷದ ಅಲೆದಾಟದ ಮೇಲೆ ಒಬ್ಬ ನರರೋಗ ತಜ್ಞೆ ಒಂದೇ ಪ್ರಶ್ನೆ ಕೇಳಿದರು: "ನೋವು ಬಂದಾಗ ಮಲಗ್ತೀರೋ, ಓಡಾಡ್ತೀರೋ?" ಅಷ್ಟು ಜನ ಪಂಡಿತರಲ್ಲಿ ಒಬ್ಬರಿಗೂ ಇದನ್ನು ಕೇಳಲು ತೋಚಿರಲಿಲ್ಲ. ಮೈಗ್ರೇನ್ ಬಂದವರು ಅಲ್ಲಾಡದೆ ಮಲಗಲು ನೋಡುತ್ತಾರಂತೆ. ಇದು ಕೂರಲೂ ಬಿಡದ ಕ್ಲಸ್ಟರ್ ತಲೆನೋವು. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು, ಶುರುವಾದ ಕೂಡಲೇ ಮಾಸ್ಕ್ ಹಾಕಿಕೊಳ್ಳಿ ಅಂದರು. ಕೆಲವು ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದುಂಟು, ನಿಮ್ಮಲ್ಲಿ ಯಾರಿಗಾದರೂ ಇತ್ತಾ ಎಂದೂ ಕೇಳಿದರು. ಗೊತ್ತಿಲ್ಲ ಅಂದೆ. ಹೇಡಿತನಕ್ಕೆ ವಯಸ್ಸಿನ ಮಿತಿ ಇಲ್ಲ.

ಆ ಭಾನುವಾರ ದಟ್ಟಗಳ್ಳಿಗೆ ಹೋದೆ. ಮಾವ ಅಲ್ಲಿ ಯಾರದೋ ಮನೆಯ ಮಹಡಿ ಮೇಲೆ ಒಂದು ರೂಮಿನಲ್ಲಿದ್ದಾರೆ. ಅರವತ್ತು ದಾಟಿದ ಮೇಲೆ ಅವರ ನೋವು ತಾನಾಗಿ ಬಿಟ್ಟುಹೋಗಿದೆ. ನನಗಿರುವುದೂ ಅವರಿಗಿದ್ದದ್ದೂ ಒಂದೇ ಎಂದು ಕಾಯಿಲೆಯ ಹೆಸರು ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

"ನಿಮ್ಮಮ್ಮನಿಗೆ ಹೇಳಿದ್ಯಾ?"

"ಹೇಳ್ದೆ ಮಾವ. ಇರಬೋದು ಅಂದಳು."

"ಇರಬೋದು," ಎಂದು ಕಾಫಿ ಮಾಡಲು ಎದ್ದರು.

ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಕಾಫಿ ಚೆನ್ನಾಗಿದೆ, ಗಾಳಿ ಚೆನ್ನಾಗಿ ಬರುತ್ತೆ ಎಂದು ಹೊತ್ತು ಕಳೆಯುತ್ತ ಕೂತೆ. ಅಷ್ಟರಲ್ಲಿ ಮೂರೂಕಾಲಾಯಿತು. ಸಿಲಿಂಡರ್ ಮನೆಯಲ್ಲಿತ್ತು. ಬಲಗಣ್ಣು ಸುರಿಯತೊಡಗಿತು, ನಾನು ಎದ್ದು ಆ ಇಕ್ಕಟ್ಟು ರೂಮಿನಲ್ಲೇ ತಿರುಗತೊಡಗಿದೆ. ಮಾವ ಎದ್ದು, ಮಡಕೆಯಿಂದ ಚೊಂಬಿಗೆ ತಣ್ಣೀರು ತುಂಬಿಸಿ ನನ್ನ ಕೈಗಿಟ್ಟರು. ಕಣ್ಣಿಗೆ ಒತ್ತಿಕೊಂಡೆ. ಅವರು ಕುರ್ಚಿಗೆ ಒರಗಿ ನಾನು ನಡೆಯುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಭುಜ ಇನ್ನೂ ಸ್ವಲ್ಪ ಎತ್ತಬೇಕು ಕಣೇ," ಅಂದರು. "ಅವತ್ತು ಹೆಣ್ಣಿನ ಕಡೆಯವರ ಮುಂದೆ ನೀನು ಚೆನ್ನಾಗಿ ಎತ್ತಿದ್ದೆ."