ವ್ಯಾನಿನ ಸೈಲೆನ್ಸರ್ ಮತ್ತು ಕಾಫಿ ಕಣದ ವಾಟ

ಸಂತೆಯಿಂದ ಬಂದ ಕೂಡಲೇ ನನ್ನ ಹೆಂಡತಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿಬಿಡುತ್ತಿದ್ದಳು. ಮಾದಾಪುರದ ನಮ್ಮ ಮನೆಯ ಹಿಂದೆ ಅವಳದೊಂದು ನರ್ಸರಿ ಇದೆ. ಮೆಣಸಿನ ಬಳ್ಳಿ, ಕಿತ್ತಳೆ ಸಸಿಗಳನ್ನು ಹಳೆಯ ವ್ಯಾನಿಗೆ ತುಂಬಿಕೊಂಡು ಸೋಮವಾರಪೇಟೆಗೆ ತಾನೇ ಓಡಿಸಿಕೊಂಡು ಹೋಗುತ್ತಾಳೆ. ತಲೆನೋವಿಗೆ ಮೊದಲು ಕನ್ನಡಕ ಬದಲಿಸಿದೆವು, ಆಮೇಲೆ ರಸ್ತೆಯ ತಿರುವುಗಳನ್ನು ದೂರಿದೆವು. ಕಡೆಗೊಂದು ದಿನ ಅವಳು, "ನನ್ ಕೈಲಿ ಇನ್ನಾಗಲ್ಲ ರೀ. ವ್ಯಾನ್ ಮಾರಿಬಿಡಿ," ಎಂದಳು.

ಮಾರುವುದು ನನಗೆ ಬೇಸರದ ಕೆಲಸವಲ್ಲ. ಮನೆಮನೆ ತಿರುಗಿ ಕಾಫಿ, ಮೆಣಸು ಕೊಂಡು ಮಾರಿಯೇ ಈ ತುಂಡು ತೋಟ ಮಾಡಿಕೊಂಡವನು ನಾನು. ಆದರೆ ಯಾವುದನ್ನೇ ಆಗಲಿ, ಮಾರುವ ಮುಂಚೆ ಅಡಿಮೇಲು ಮಾಡಿ ನೋಡಬೇಕು. ಎಂಜಿನ್ ಚಾಲೂ ಇಟ್ಟು ಬಗ್ಗಿ ನೋಡಿದೆ. ಹೊಗೆ ಹಿಂದಿನ ಕೊಳವೆಯಿಂದ ಹೋಗುವ ಬದಲು ಸೈಲೆನ್ಸರ್‌ನ ತುಕ್ಕು ತಿಂದ ತೂತಿನಿಂದ ಬುಸುಗುಡುತ್ತಿತ್ತು, ಕೂರುವ ಜಾಗದ ಕೆಳಗೇ. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಿರುತ್ತದೆ. ಕಿಟಕಿ ತೆಗೆದರೆ ಸಾಕು ಎಂದುಕೊಳ್ಳಬೇಡಿ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ನಮ್ಮ ತಿರುವುಗಳಲ್ಲಿ ಮಂಪರು ಹತ್ತಿದರೆ ಮುಂದಿನದನ್ನು ಹೇಳಬೇಕಿಲ್ಲ. ಕೀಲಿ ಅವತ್ತೇ ನನ್ನ ಜೇಬು ಸೇರಿತು. ಗ್ಯಾರೇಜಿಗೆ ಒಯ್ಯಬೇಕೆಂದರೂ ಅದೇ ಹೊಗೆಯಲ್ಲಿ ಕೂತು ಓಡಿಸಬೇಕಲ್ಲ? ನಾನೇ ಬದಲಿಸುತ್ತೇನೆಂದು ಹೊರಟೆ.

ಕುಶಾಲನಗರದ ಬಿಡಿಭಾಗದ ಅಂಗಡಿಯಾತ ಮಲಯಾಳಿ. ಹಳೆಯ ಸೈಲೆನ್ಸರ್ ಇದೆಯೇ ಎಂದು ಕೇಳಿದೆ. ಆತ ಒಂದನ್ನು ಎತ್ತಿ ಅಲ್ಲಾಡಿಸಿದ. ಒಳಗಿನಿಂದ ತುಕ್ಕಿನ ಪುಡಿ ಉದುರಿತು. ಹೊಸದನ್ನೇ ಆರಿಸಿ, ರೇಟು ಕೇಳಿ, ಮೆಟ್ಟಿಲಿಳಿದೆ. "ಕಾಲು ಮಾತ್ರ ಹೊರಗೆ ಹೋಗ್ತಾ ಉಂಟು ಚೇಟ್ಟಾ, ಕಣ್ಣು ಇಲ್ಲೇ ಉಂಟಲ್ಲ," ಎಂದ. ಇಬ್ಬರಿಗೂ ನಗು ಬಂತು. ಜೋಡಣೆಗೆ ಬೇಕಾದ ಗ್ಯಾಸ್ಕೆಟ್ಟು, ನೇತುಹಾಕುವ ರಬ್ಬರುಗಳು ಪುಕ್ಕಟೆ ಬಂದವು. ವ್ಯಾನಿನ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡುಗಳಿಗೆ ಮಾತ್ರ ಕೇಳಿದಷ್ಟು ಕೊಟ್ಟೆ. ನಮ್ಮ ಎದೆಯ ಮೇಲೆ ಬೀಳಬಹುದಾದ್ದನ್ನು ತಡೆದು ನಿಲ್ಲಿಸುವ ವಸ್ತುವಿಗೆ ಚೌಕಾಸಿ ಮಾಡಬಾರದು.

ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದ್ದೆ. ಮನೆಯ ಸುತ್ತ ಮಣ್ಣು, ಜಾಕ್ ಇಟ್ಟರೆ ಹೂತುಹೋಗುತ್ತದೆ. ಹೊರಗೆ ಸಿಮೆಂಟು ಎಂದರೆ ಕಾಫಿ ಒಣಗಿಸುವ ಕಣ ಮಾತ್ರ. ಅಲ್ಲಿ ವ್ಯಾನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದವರ ಅಭ್ಯಾಸದಂತೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತತೊಡಗಿದೆ.

"ಅಲ್ಲಿ ಬೇಡ ರೀ, ಕಣಕ್ಕೆ ವಾಟ ಐತೆ," ಅಡುಗೆಮನೆಯ ಬಾಗಿಲಿಂದ ಹೆಂಡತಿ ಕೂಗಿದಳು.

ನನಗೇನೂ ಇಳಿಜಾರು ಕಾಣುತ್ತಿಲ್ಲವೆಂದೆ.

"ನಿಮಗೆಲ್ಲಿ ಕಾಣ್ತದೆ? ಮಳೆ ಬಂದಾಗ ಕಣ ಗುಡಿಸೋಳು ನಾನು."

ಅಷ್ಟರಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟವು. ವ್ಯಾನು ಸದ್ದಿಲ್ಲದೆ ಮುಂದಕ್ಕೆ ಸರಿಯಿತು, ಜಾಕ್ ವಾಲಿ ಬಿತ್ತು, ಚಕ್ರಗಳು ಧೊಪ್ಪನೆ ನೆಲಕ್ಕೆ ಕೂತವು. ನಾನಿನ್ನೂ ಅಡಿಗೆ ನುಸುಳಿರಲಿಲ್ಲ. ನೀರು ನಿಲ್ಲದಂತೆ ವಾಟ ಕೊಡಲೇಬೇಕೆಂದು ಗಾರೆಯವನ ಹತ್ತಿರ ಜಗಳವಾಡಿದವನೂ ನಾನೇ! ಈ ವ್ಯಾನಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಗೇರಿನಲ್ಲಿಟ್ಟರೆ ತಡೆಯುವುದೂ ಹಿಂದಿನ ಚಕ್ರಗಳನ್ನು. ಅವು ಗಾಳಿಯಲ್ಲಿದ್ದರೆ ಬ್ರೇಕೂ ಇಲ್ಲ, ಕಲ್ಲೂ ಇಲ್ಲ. ಹಿಂದೆ ಎತ್ತುವುದಾದರೆ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಅದಕ್ಕಿಂತ ಮುಂಚೆ ನೆಲ ಸಮವಿದೆಯೇ ಎಂದು ನೀರು ಚೆಲ್ಲಿ ನೋಡಿ.

ಇಬ್ಬರೂ ಸೇರಿ ವ್ಯಾನನ್ನು ಗೋದಾಮಿಗೆ ದೂಡಿದೆವು. ಕಾಫಿ ಮೂಟೆ ಇಡುವ ಅಲ್ಲಿಯ ನೆಲವೂ ಸಿಮೆಂಟಿನದೇ, ಆದರೆ ಸಮ. ಮುಂದೆ ಅಡ್ಡ ಕೊಟ್ಟು, ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೂ ಅವಳು ನನ್ನನ್ನು ಬಿಡಲಿಲ್ಲ. ಮೊದಲು ಪಕ್ಕದಿಂದ ವ್ಯಾನನ್ನು ಜಗ್ಗಿ ನೋಡಿದಳು. "ಹೂಂ, ಈಗ ಹೋಗಿ," ಎಂದಳು. ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ಗ್ಲೌಸು ಹಾಕಿ ನುಸುಳಿದೆ. ಒಂದು ಬೋಲ್ಟು ಮುರಿದೇ ಬಂತು, ಅದರ ಜಾಗಕ್ಕೆ ಬೇರೆಯದನ್ನು ತೆಗೆದಿಟ್ಟುಕೊಂಡೆ. ಹಳೆಯ ಸೈಲೆನ್ಸರ್ ಇಳಿಸಿ, ಹೊಸದನ್ನು ರಬ್ಬರುಗಳಿಗೆ ನೇತುಹಾಕಿ, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಕೂರಿಸಿ, ನೇರ ಮಾಡಿಕೊಂಡು, ಎಂಜಿನ್ ಕಡೆಯಿಂದ ಬಿಗಿಯುತ್ತ ಬಂದೆ. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಮತ್ತೊಂದು ತೂತಿಗೆ ಸೇರುವುದಿಲ್ಲ.

ಚಾಲೂ ಮಾಡಲು ವ್ಯಾನನ್ನು ಮತ್ತೆ ಬಯಲಿಗೆ ದೂಡಿದೆವು. ಗೋದಾಮಿನೊಳಗೆ ಎಂಜಿನ್ ಓಡಿಸುವುದೆಂದರೆ ಆ ವಿಷವನ್ನೇ ಮತ್ತೆ ಕುಡಿದಂತೆ. ಹೊಗೆ ಬೇರೆಲ್ಲಾದರೂ ಸೋರುತ್ತಿದೆಯೇ ಎಂದು ಹಿಂದಿನ ಕೊಳವೆಗೆ ಒದ್ದೆ ಗೋಣಿ ಒತ್ತಿ ಕ್ಷಣಕಾಲ ಕಿವಿಗೊಟ್ಟೆ. ಒಂದು ಜೋಡಣೆ ಸುಯ್ ಎಂದಿತು. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಮತ್ತೆ ಅರ್ಧ ಸುತ್ತು ಬಿಗಿದೆ. ಮತ್ತೆ ಚಾಲೂ ಮಾಡಿದಾಗ ಆ ಸದ್ದಿರಲಿಲ್ಲ.

ಸಂತೆಯ ದಿನ ಅವಳು ಹೊರಟ ಮೇಲೆ ನನಗೆ ಯಾವ ಕೆಲಸಕ್ಕೂ ಮನಸ್ಸಾಗಲಿಲ್ಲ. ಗೇಟಿನ ಹತ್ತಿರವೇ ಸುಳಿದಾಡಿದೆ. ಮಧ್ಯಾಹ್ನ ವ್ಯಾನು ಬಂತು. ಅವಳು ಇಳಿದವಳೇ ಖಾಲಿ ಟ್ರೇಗಳನ್ನು ನನ್ನ ಕೈಗೆ ಕೊಡುತ್ತ ಯಾರ್‍ಯಾರು ಏನೇನು ಕೊಂಡರೆಂದು ಹೇಳತೊಡಗಿದಳು. ತಲೆ ಹೇಗಿದೆಯೆಂದು ಕೇಳಿದೆ.

"ತಲೆಗೇನಾಗಿದೆ? ಮುಂದಿನ ವಾರಕ್ಕೆ ಮೆಣಸಿನ ಬಳ್ಳಿ ಇನ್ನೂ ಬೇಕಂತೆ. ಊಟ ಮಾಡಿ ಕವರಿಗೆ ಮಣ್ಣು ತುಂಬಿಕೊಡಿ."

ಕತ್ತಲಾಗುವವರೆಗೂ ಇಬ್ಬರೂ ಮಣ್ಣು ತುಂಬಿದೆವು.