ಹೊತ್ತು ಮುಳುಗಿದ ಮೇಲಿನ ಗುಳಿಗೆ

ಈಚೆಗೆ ನನಗೆ ಸಂಜೆಯಾಗುವುದೆಂದರೆ ಭಯ. ಇದನ್ನು ಗಡಹಿಂಗ್ಲಜದ ಪೇಟೆಯಲ್ಲಿ ಹೇಳುವಂತಿಲ್ಲ. ಬೆಲ್ಲದ ವ್ಯಾಪಾರಿ ಹೆದರಿದನೆಂದರೆ ಮರುದಿನವೇ ಅವನ ಬೆಲ್ಲದ ದರ ಇಳಿಯುತ್ತದೆ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆಂದು ಕೊಲ್ಹಾಪುರಕ್ಕೆ ಹೋಗಿದ್ದೆ. ಡಾಕ್ಟರು ಯಂತ್ರದ ಮೇಲೆ ನಡೆಸಿ ನೋಡಿ, ಹೃದಯಕ್ಕೆ ರಕ್ತ ತುಸು ಕಡಿಮೆ ಹರಿಯುತ್ತಿದೆ ಎಂದರು. ಆಪರೇಷನ್ ಬೇಡ, ದಿನಾ ಗುಳಿಗೆ, ನಡಿಗೆ, ಉಪ್ಪು-ಎಣ್ಣೆ ಕಡಿಮೆ. ಎದೆ ಹಿಡಿದರೆ ಕುಳಿತುಕೊಂಡು ಒಂದು ಪುಟ್ಟ ಗುಳಿಗೆ ನಾಲಿಗೆಯ ಕೆಳಗೆ. ಅದಕ್ಕೂ ಬಗ್ಗದಿದ್ದರೆ ತಡಮಾಡದೆ ಆಸ್ಪತ್ರೆ. ಕೊನೆಗೆ ‘ಘಾಬರೂ ನಕಾ’ ಎಂದರು. ಹೆದರಬೇಡಿ ಎಂದು ಹೇಳಿಸಿಕೊಂಡ ಮೇಲೆಯೇ ನನ್ನ ಹೆದರಿಕೆ ಶುರುವಾದದ್ದು. ‘ತುಸು’ ಎಂದರೆ ಎಷ್ಟು? ಬೆಲ್ಲದಲ್ಲಿ ತುಸು ಮರಳು ಇದೆ ಎಂದರೆ ಗಿರಾಕಿ ಇಡೀ ಗಾಡಿಯನ್ನೇ ವಾಪಸು ಕಳಿಸುತ್ತಾನೆ.

ಈಗ ಸಂಜೆಯ ವಿಷಯ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ, ನೀರೂ ಇಲ್ಲ. ಕತ್ತಲಲ್ಲಿ ಕಾಣದ ಹುಳುಹುಪ್ಪಟೆ ಬಾಯಿಗೆ ಹೋಗಿ ಹಿಂಸೆಯಾದೀತೆಂದು ಹಿರಿಯರು ಹಾಕಿಕೊಟ್ಟ ನೇಮ. ಬೇಗ ಉಣ್ಣುವುದು ಒಳ್ಳೆಯದೇ ಎಂದು ಡಾಕ್ಟರೂ ಹೊಗಳಿದರು. ದಿನದ ಗುಳಿಗೆಗಳನ್ನು ಬೆಳಕಿರುವಾಗಲೇ ನುಂಗಲು ಒಪ್ಪಿದರು. ಆದರೆ ನಾಲಿಗೆಯ ಕೆಳಗಿನದು? ಎದೆನೋವೇನು ಪಂಚಾಂಗ ನೋಡಿ ಬರುತ್ತದೆಯೇ? ನುಂಗದೆ ಕರಗಿಸಿದ್ದು ಆಹಾರವೋ ಅಲ್ಲವೋ? ಔಷಧಕ್ಕೆ ವಿನಾಯಿತಿ ಇದೆ ಎನ್ನುವವರಿದ್ದಾರೆ. ಆದರೆ ನಮ್ಮಪ್ಪ ಜ್ವರದಲ್ಲೂ ರಾತ್ರಿ ನೀರು ಮುಟ್ಟಿದವರಲ್ಲ. ಅವರ ಮಗನಾದ ನನಗೆ ಜೀವದ ಆಸೆಯೂ ಇದೆ, ಮರ್ಯಾದೆಯ ಆಸೆಯೂ ಇದೆ.

ಮೊನ್ನೆ ಸೂರ್ಯ ಮುಳುಗಿ ಇನ್ನೂ ದೀಪ ಹಚ್ಚಿರಲಿಲ್ಲ, ಮಾಳಿಗೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿಯಿತು. ಅಲ್ಲೇ ಕುಳಿತೆ. ಗುಳಿಗೆ ಅಂಗೈಗೆ ಬಂತು, ಬಾಯಿಗೆ ಹೋಗಲಿಲ್ಲ. ನಿಜವಾಗಿಯೂ ಹೆದರಿದ್ದೆ: ಸಾವಿಗೂ, ನೇಮ ಮುರಿಯುವುದಕ್ಕೂ. ನೇಮದಲ್ಲಿ ನನಗಿಂತ ಗಟ್ಟಿಯಾದ ನನ್ನ ಹೆಂಡತಿ ಓಡಿ ಬಂದಳು.

“ಏನ್ ವಿಚಾರ ಮಾಡಾಕತ್ತೀರಿ? ಬಾಯಿ ತೆಗೀರಿ!”

“ಹೊತ್ತ ಮುಣಗೇತಲ್ಲ...” ಎಂದೆ.

“ಒಂದ ಹುಳಾ ಸಾಯಬಾರದಂತ ನೇಮ ಮಾಡ್ಯಾರ. ನೀವ ಸತ್ತರ ಅದು ಹಿಂಸಾ ಅಲ್ಲೇನ್ರಿ?”

ತಾನೇ ಗುಳಿಗೆಯನ್ನು ನನ್ನ ನಾಲಿಗೆಯ ಕೆಳಗಿಟ್ಟಳು. ಅದು ಕರಗಿತು, ನಿಧಾನವಾಗಿ ಎದೆ ಸಡಿಲಾಯಿತು. ಹೇಗೂ ನೇಮ ಮುರಿದಾಯಿತಲ್ಲ ಎಂದು ಧೈರ್ಯ ಮಾಡಿ ಒಂದು ಗುಟುಕು ನೀರು ಕೇಳಿದೆ.

“ನೀರ? ಹೊತ್ತ ಮುಣಗೇತಿ. ಮುಂಜಾನೆ ಕುಡೀರಂತ,” ಎಂದು ನನ್ನ ಪಕ್ಕದಲ್ಲೇ ಕುಳಿತಳು.

ಬಾಯಾರಿಕೆಯಲ್ಲೇ ನಕ್ಕೆ. ನನಗೂ ಒಂದು ಮುಂಜಾನೆ ಇದೆಯೆಂದು ಅಷ್ಟು ಖಾತ್ರಿಯಾಗಿ ಕೊಲ್ಹಾಪುರದ ಡಾಕ್ಟರೂ ಹೇಳಿರಲಿಲ್ಲ.