ಗೋಲ್‌ಕೀಪರನ ಗುಮಾನಿ

ನನ್ನದು ಗುಮಾನಿಯ ಸ್ವಭಾವ. ಕುಂಬ್ರದಲ್ಲಿ ಅಡಿಕೆ ಖರೀದಿಯ ಅಂಗಡಿ ಇಟ್ಟವನಿಗೆ ಇದು ರೋಗವಲ್ಲ, ಕಸುಬು. ಗೋಣಿಯ ಬಾಯಲ್ಲಿ ಬೆಳ್ಳಗಿನ ಚಾಲಿ ಅಡಿಕೆ ಇಟ್ಟು ಅಡಿಯಲ್ಲಿ ಕಪ್ಪಾದದ್ದನ್ನು ತುಂಬಿಸಿ ತರುವವರು ನೋಡಲು ಬಹಳ ಸಾಧುಗಳ ಹಾಗೆಯೇ ಇರುತ್ತಾರೆ. ಹಾಗಾಗಿ ಯಾರೇ ಬರಲಿ, ನಾನು ಮೊದಲು ಗೋಣಿಯ ತಳಕ್ಕೆ ಕೈ ಹಾಕುತ್ತೇನೆ. ಸಲಾಂ, ನಮಸ್ಕಾರ, ಮನೆಯಲ್ಲಿ ಎಲ್ಲ ಸೌಖ್ಯವಾ ಎನ್ನುವುದು ಆಮೇಲೆ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಳೆಯ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ ಅಂಗಡಿಗೆ ಬಂದ. ಈಗ ಅವನದ್ದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ದಿನಾ ಎದುರುಬದುರು ಸಿಕ್ಕಿದರೂ ಕೈ ಎತ್ತಿ ಹೋಗುವಷ್ಟೇ ನಮ್ಮ ಸ್ನೇಹ ಉಳಿದಿತ್ತು. ಅಂಥವನು ಒಳಗೆ ಬಂದು ಸ್ಟೂಲ್ ಎಳೆದು ಕುಳಿತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ನಲ್ವತ್ತೈದು ದಾಟಿದವರ ಸೆವೆನ್ಸ್ ಟೂರ್ನಮೆಂಟ್ ಉಂಟು, ಬೆಟ್ಟಂಪಾಡಿ ಹತ್ರ ಹೊಸ ಟರ್ಫಲ್ಲಿ. ನಮ್ಮ ಕೀಪರಿಗೆ ಸೊಂಟ ಹಿಡ್ಕೊಂಡಿದೆ ಮಾರಾಯ. ನೀನು ನಿಲ್ಬೇಕು," ಎಂದ.

"ನಾನು ಆಟ ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು."

"ಗೊತ್ತುಂಟು. ನಿನ್ನನ್ನು ವರ್ಲ್ಡ್ ಕಪ್ಪಿಗೆ ಕರೆಯುದಲ್ಲ."

"ಯಾವ ಯಾವ ಟೀಮು ಬರುದು?"

ಬೆಟ್ಟಂಪಾಡಿ ಎಂದ, ಪುತ್ತೂರು ಪೇಟೆಯವರದ್ದು ಎರಡು ಎಂದ, ಕಡಬದ್ದೊಂದು ಎಂದ. ಕೊನೆಗೆ ಚೀಲದ ಹಿಡಿಕೆ ಸರಿಮಾಡುತ್ತಾ, "ಮತ್ತೆ ಐವರ್ನಾಡಿನವ್ರು," ಎಂದ. ನನಗೆ ಅಷ್ಟು ಸಾಕಾಯಿತು. ಓಹೋ, ವಿಷಯ ಇದು ಎಂದುಕೊಂಡೆ.

ವಿಷಯ ಏನೆಂದು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳ ಹಿಂದೆ ಸುಳ್ಯದಲ್ಲಿ ನಮಗೂ ಐವರ್ನಾಡಿಗೂ ಫೈನಲ್. ಮುಗಿಯಲು ಎರಡು ನಿಮಿಷವಿದೆ, ಯಾರದ್ದೂ ಗೋಲು ಆಗಿಲ್ಲ. ಅವರ ಫಾರ್ವರ್ಡ್ ಎಡಗಾಲಿನವನು, ದೂರದಿಂದ ಒಂದು ಒದ್ದ. ನೇರ ನನ್ನ ಕೈಗೆ ಬಂದ ಚೆಂಡು. ತುಂತುರು ಮಳೆ ಬಂದು ಚೆಂಡು ಒದ್ದೆಯಾಗಿತ್ತು, ಜಾರಿತು, ನನ್ನ ಕಾಲಿನ ನಡುವಿನಿಂದ ಉರುಳಿ ಒಳಗೆ ಹೋಯಿತು. ಅಷ್ಟೇ ಆದದ್ದು. ಗೋಲ್‌ಕೀಪರ್ ಆದವನಿಗೆ ಜೀವಮಾನದಲ್ಲಿ ಹತ್ತು ಸಲವಾದರೂ ಆಗುವಂಥದ್ದು. ಆದರೆ ಅದಕ್ಕೆ ಎಂಟು ದಿನದ ನಂತರ ಆ ಎಡಗಾಲಿನವನ ತಂಗಿಯ ಜೊತೆ ನನ್ನ ಮದುವೆ ಇತ್ತು.

ಜೀಪಿನಲ್ಲಿ ವಾಪಸು ಬರುವಾಗ ಕ್ಯಾಪ್ಟನ್ ಡ್ರೈವರಿನ ಪಕ್ಕ ಕುಳಿತವನು ಒಂದು ಸಲವೂ ಹಿಂದೆ ತಿರುಗಲಿಲ್ಲ. ಮರುದಿನ ಬೇಕರಿಯಲ್ಲಿ ಯಾರೋ, "ಮದುವೆ ಉಡುಗೊರೆ ಮೊದಲೇ ಕೊಟ್ಟಾಯ್ತಲ್ಲ," ಎಂದದ್ದು ಕಿವಿಗೆ ಬಿತ್ತು, ನಾನು ಒಳಗೆ ಬಂದ ಕೂಡಲೇ ಎಲ್ಲರೂ ಪಫ್ಸ್ ತಿನ್ನುವುದರಲ್ಲಿ ಮಗ್ನರಾದರು. ಈ ಮಾತಿಗೆ ಮೂಲ ಕ್ಯಾಪ್ಟನ್ನೇ ಎಂದು ಅಂದೇ ತೀರ್ಮಾನಿಸಿದೆ. ಗ್ಲೌಸ್ ಬಿಚ್ಚಿಟ್ಟೆ, ಮದುವೆಯಾದೆ, ಎರಡು ತಿಂಗಳಲ್ಲಿ ಸೌದಿಯ ದಮ್ಮಾಮಿಗೆ ಹೋದೆ. ಹನ್ನೆರಡು ವರ್ಷ ಅಲ್ಲಿದ್ದು ಬಂದರೂ ಊರಿನವರ ಕಣ್ಣಲ್ಲಿ ಆ ಮಾತು ಹಾಗೆಯೇ ಇದೆ ಎಂದು ನನಗೆ ಅನಿಸುತ್ತಿತ್ತು. ನನ್ನೆದುರು ಒಬ್ಬನೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಕೇಳದವರಿಗೆ ಏನೆಂದು ಉತ್ತರ ಕೊಡುವುದು?

ಹೆಂಡತಿಯ ಮನೆಯಲ್ಲಂತೂ ನನಗೆ ಸಿಗುವ ಮರ್ಯಾದೆ ನೋಡಿದರೆ ಅನುಮಾನ ಇನ್ನೂ ಹೆಚ್ಚುತ್ತಿತ್ತು. ಕರಾವಳಿಯ ಮುಸ್ಲಿಮರಾದ ನಮ್ಮ ಬ್ಯಾರಿಗಳಲ್ಲಿ ಮದುಮಗನಿಗೆ ಪುದಿಯಾಪ್ಲೆ ಎನ್ನುತ್ತಾರೆ. ಹೆಂಡತಿಯ ಮನೆಯಲ್ಲಿ ತಲೆ ನರೆತರೂ ಅವನು ಪುದಿಯಾಪ್ಲೆಯೇ. ಮೊದಲ ಬಟ್ಟಲು ಅವನಿಗೆ, ಕೋಳಿಯ ಕಾಲು ಅವನಿಗೆ, ಫ್ಯಾನಿನ ಕೆಳಗಿನ ಕುರ್ಚಿ ಅವನಿಗೆ. ಇದು ಎಲ್ಲ ಮನೆಗಳಲ್ಲೂ ಇರುವುದೇ. ಆದರೆ ನನ್ನ ಭಾವ, ಅದೇ ಎಡಗಾಲಿನವನು, ಕೇರಂನಲ್ಲಿ ಕೂಡ ನನ್ನನ್ನು ಸೋಲಿಸುವುದಿಲ್ಲ. ರಾಣಿ ಜೇಬಿನ ಬಾಯಲ್ಲಿ ಕುಳಿತಿದ್ದರೂ ಅವನ ಸ್ಟ್ರೈಕರ್ ಪಕ್ಕಕ್ಕೆ ಹೋಗುತ್ತದೆ. ಈ ಮನುಷ್ಯ ಎಂಥದಕ್ಕೆ ಇಷ್ಟು ಮರ್ಯಾದೆ ಕೊಡುತ್ತಾನೆ ಎಂದು ತಲೆ ಕೆಡಿಸಿಕೊಂಡದ್ದುಂಟು.

ಕ್ಯಾಪ್ಟನಿಗೆ ಸಂಜೆ ಫೋನು ಮಾಡಿ ಆಡುತ್ತೇನೆ ಎಂದೆ. ಸೊಂಟದ ಕಥೆಯನ್ನು ನಾನು ನಂಬಿರಲಿಲ್ಲ. ನನ್ನನ್ನು ಪರೀಕ್ಷೆ ಮಾಡಲು ಕರೆಯುತ್ತಿದ್ದಾರೆ ಎಂದೇ ಒಪ್ಪಿದೆ. ಆಗಲಿ, ಮಾಡಿ. ಐವರ್ನಾಡಿನವರ ಚೆಂಡನ್ನು ಎಲ್ಲರ ಎದುರು, ಹಗಲು ಬೆಳಕಿನಲ್ಲಿ ತಡೆದು ತೋರಿಸಬೇಕು. ಸಾಯುವ ಮೊದಲು ನನ್ನ ಹೆಸರಿನ ಮೇಲಿನ ಈ ಕೊಳೆ ಹೋಗಬೇಕು. ನನಗೆ ಬೇಕಾದದ್ದು ಅದೊಂದೇ.

ಮನೆಯಲ್ಲಿ ಹೇಳಿದಾಗ ಹೆಂಡತಿ ಬೈಯುತ್ತಾಳೆ ಎಂದುಕೊಂಡಿದ್ದೆ. ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ ಎನ್ನುವ ಗಂಡಸು, ಶುಗರ್ ಬೇರೆ. ಅವಳು ನಕ್ಕಳು.

"ಆಡಿ. ನಿಮಗೆ ಮನಸ್ಸುಂಟಲ್ಲ, ಆಡಿ," ಎಂದಳು.

ನಾವು ಬ್ಯಾರಿ ಭಾಷೆಯಲ್ಲಿ ಮಾತಾಡುವುದು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ ಆ ನಗುವನ್ನು ಯಾವ ಭಾಷೆಗೆ ತರುವುದೋ ತಿಳಿಯದು. ಕ್ಯಾಪ್ಟನ್ ಚೀಲದಲ್ಲಿ ಬಿಟ್ಟುಹೋಗಿದ್ದ ಜರ್ಸಿಗೆ ಇಸ್ತ್ರಿ ಹಾಕಿದಳು, ಜರ್ಸಿಗೆ ಯಾರು ಇಸ್ತ್ರಿ ಹಾಕುತ್ತಾರೆ? ಐವರ್ನಾಡಿಗೆ ದಿನಕ್ಕೆರಡು ಸಲ ಫೋನು ಮಾಡಿದಳು. ನಾನು ಬಂದರೆ ಅಡುಗೆಕೋಣೆಯ ಹಿಂದಿನ ಬಾಗಿಲಿಗೆ ಹೋಗಿ ಮಾತಾಡುತ್ತಿದ್ದಳು. ಇವಳಿಗೂ ಏನೋ ಗೊತ್ತಿದೆ ಎಂದು ನನ್ನ ಒಳಗೆ ಕುಟುಕತೊಡಗಿತು. ಆ ಗೋಲಿನ ವಿಷಯ ನಾವಿಬ್ಬರೂ ಈವರೆಗೆ ಒಂದು ದಿನವೂ ಎತ್ತಿದವರಲ್ಲ.

ಎರಡು ವಾರ ಬೆಳಿಗ್ಗೆ ಆರಕ್ಕೆ ಟರ್ಫಿಗೆ ಹೋದೆ. ಬಲಕ್ಕೆ ಹಾರಿದರೆ ಏಳಲು ಎಡಗೈ ಊರಬೇಕು, ಎಡಕ್ಕೆ ಹಾರಿದರೆ ಯಾರಾದರೂ ಎಬ್ಬಿಸಬೇಕು. ಉಳಿದವರೂ ಅಂಥವರೇ. ಒಬ್ಬನಿಗೆ ಬೈಪಾಸ್ ಆಗಿದೆ, ಇನ್ನೊಬ್ಬನಿಗೆ ಕನ್ನಡಕ ಬಿಟ್ಟರೆ ಗೋಲ್ ಪೋಸ್ಟಿಗೂ ಲೈಟ್ ಕಂಬಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೂ ಮೂರನೆಯ ದಿನ ಒಂದು ಗಟ್ಟಿ ಚೆಂಡು ಅಂಗೈಗೆ ಬಡಿದು ನಿಂತಾಗ ನನಗೆ ಅಳು ಬಂದಂತಾಯಿತು. ಎಷ್ಟು ಇಷ್ಟದ ಆಟವನ್ನು ಯಾರೋ ಆಡಿದ ಒಂದು ಮಾತಿಗೆ ಬಿಟ್ಟೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಕ್ಯಾಪ್ಟನ್ ಮಾತ್ರ ಪ್ರತಿದಿನ ನನ್ನ ಪೋಸ್ಟಿನ ಹತ್ತಿರವೇ ಡಿಫೆಂಡರ್ ಆಗಿ ನಿಲ್ಲುತ್ತಿದ್ದ. ನನ್ನನ್ನು ಕಾಯಲು ನಿಂತಿದ್ದಾನೆ, ಕಳ್ಳನನ್ನು ಕಾಯುವ ಹಾಗೆ ಎಂದುಕೊಂಡೆ.

ಭಾನುವಾರ ಮಧ್ಯಾಹ್ನದ ಮೇಲೆ ಸೆಮಿಫೈನಲ್. ಎದುರು ಐವರ್ನಾಡು, ನಡುವೆ ಭಾವ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಎಡಗಾಲು ಮಾತ್ರ ಹಾಗೆಯೇ ಇದೆ. ಬಲೆಯ ಹೊರಗೆ ಕುಂಬ್ರದ ಅರ್ಧ ಪೇಟೆ ನಿಂತಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಭಾವ ಎಡಗಾಲಲ್ಲಿ ಎರಡು ಒದ್ದ, ಎರಡೂ ಬೆಂಕಿಯಂಥವು. ಒಂದನ್ನು ಬೆರಳ ತುದಿಯಲ್ಲಿ ಮೇಲಕ್ಕೆ ತಳ್ಳಿದೆ, ಇನ್ನೊಂದು ಕಂಬಕ್ಕೆ ಬಡಿಯಿತು. ಒಂದು ಗೋಲು ಅವರದ್ದು, ಒಂದು ನಮ್ಮದು, ಸಮಯ ಮುಗಿಯಿತು. ಟೈ ಬ್ರೇಕರ್. ತಲಾ ಮೂರು ಒದೆತ.

ನಮ್ಮವರು ಮೂರನ್ನೂ ಹಾಕಿದರು. ಅವರದ್ದು ಎರಡು ಆಯಿತು. ಮೂರನೆಯದಕ್ಕೆ ಭಾವ ಬಂದ. ಇದನ್ನು ತಡೆದರೆ ನಾವು ಗೆದ್ದೆವು. ಯಾ ಅಲ್ಲಾ, ಇದೊಂದು ಎಂದೆ. ಅವನು ಚೆಂಡಿಟ್ಟ, ನಾಲ್ಕು ಹೆಜ್ಜೆ ಹಿಂದೆ ಹೋದ, ಓಡಿ ಬಂದ, ಬಲಗಾಲಲ್ಲಿ ಒದ್ದ.

ಚೆಂಡು ತರಕಾರಿ ಚೀಲದಿಂದ ಬಿದ್ದ ಬಟಾಟೆಯ ಹಾಗೆ ಉರುಳುತ್ತಾ ನನ್ನ ಕಾಲ ಬುಡಕ್ಕೆ ಬಂತು. ನಾನು ಬಗ್ಗಿ ಎತ್ತಿಕೊಂಡೆ.

ನಮ್ಮವರು ಕೂಗುತ್ತಾ ಬಂದು ಮೇಲೆ ಬಿದ್ದರು. ಬೈಪಾಸ್ ಆದವನು ಕೂಡ ನನ್ನನ್ನು ಎತ್ತಲು ನೋಡಿದ. ಕ್ಯಾಪ್ಟನ್ ನನ್ನ ಕುತ್ತಿಗೆ ಅಪ್ಪಿ ಕಿವಿಯಲ್ಲಿ, "ಇನ್ನು ಯಾರೂ ಎಂತ ಹೇಳುದಿಲ್ಲ ಮಾರಾಯ," ಎಂದ. ಅಂದರೆ ಇಷ್ಟು ವರ್ಷ ಹೇಳುತ್ತಿದ್ದರು ಎಂದಾಯಿತು. ನನ್ನ ಗುಮಾನಿ ಸುಳ್ಳಾಗಿರಲಿಲ್ಲ. ಫೈನಲಿನಲ್ಲಿ ಕಡಬದವರ ಕೈಯಲ್ಲಿ ಮೂರು ಗೋಲು ತಿಂದು ಸೋತೆವು, ಅದಕ್ಕೆ ಯಾರಿಗೂ ಬೇಸರವಿರಲಿಲ್ಲ. ಬೇಸರ ಇದ್ದದ್ದು ನನಗೆ. ಸಿಟ್ಟೂ ಇತ್ತು. ಎಡಗಾಲಿನವನು ಬಲಗಾಲಲ್ಲಿ ಯಾಕೆ ಒದ್ದ?

ಮನೆಯಲ್ಲಿ ಹೆಂಡತಿ ಚಹಾ ಮಾಡಿದ್ದಳು. ಅಣ್ಣನನ್ನು ಬರಲು ಹೇಳಿದ್ದಳಂತೆ, ಭಾವ ಆಗಲೇ ಬಂದು ಕುಳಿತಿದ್ದ. ನನ್ನನ್ನು ಬಿಡಲು ಬಂದ ಕ್ಯಾಪ್ಟನನ್ನೂ ಒಳಗೆ ಕರೆದಳು. ಅವನಿಗೆ ಬ್ಯಾರಿ ಬಾರದ್ದರಿಂದ ಎಲ್ಲರೂ ಕನ್ನಡದಲ್ಲೇ ಮಾತಾಡಿದರು. ಬಟ್ಟಲಲ್ಲಿ ಸಮೋಸ, ಬಿಸಿ ಇತ್ತು. ನಾನು ಮುಟ್ಟಲಿಲ್ಲ.

"ಭಾವ, ಎಡಗಾಲಿಗೆ ಎಂತ ಆಯ್ತು?" ಎಂದು ಕೇಳಿದೆ.

ಭಾವ ನಕ್ಕು ಸಮೋಸ ಮುರಿದ. "ಬಿಡಿ ಭಾವ. ಅದೆಲ್ಲ ಯಾಕೆ ಈಗ."

"ಇಲ್ಲ, ಹೇಳಿ. ನನಗೆ ಗೊತ್ತಾಗ್ಬೇಕು."

ಅವನು ತಂಗಿಯ ಮುಖ ನೋಡಿದ. ಅವಳು ಒಳಬಾಗಿಲಿಗೆ ಒರಗಿ ನಿಂತಿದ್ದಳು.

"ನಾನೇ ಹೇಳಿದ್ದು," ಎಂದಳು. "ಅವತ್ತು ನೀವು ಅವನಿಗೆ ಬಿಟ್ಟುಕೊಟ್ಟಿರಿ. ಇವತ್ತು ಅವ ನಿಮಗೆ ಕೊಡ್ಬೇಕು ಅಂತ. ಪುದಿಯಾಪ್ಲೆಯನ್ನು ಅಷ್ಟು ಜನರೆದುರು ಸೋಲಿಸುದುಂಟಾ?"

ಕ್ಯಾಪ್ಟನ್ ಕೈಯಲ್ಲಿದ್ದ ಚಹಾದ ಲೋಟ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

ನಾನು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷ ನಾಲಿಗೆಯ ತುದಿಯಲ್ಲಿದ್ದ ಮಾತು ಅದು: ಬಿಟ್ಟದ್ದಲ್ಲ, ಜಾರಿದ್ದು. ಇದನ್ನು ಕೇಳಬೇಕಾದವರೆಲ್ಲ ಒಂದೇ ಕೋಣೆಯಲ್ಲಿ ಸಿಕ್ಕಿದ್ದರು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. ಹೊರಗಿನವರೆದುರು ಅವಳು ಹೀಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ನನಗೆ ಈ ಮದುವೆಗೆ ಮನಸ್ಸಿರ್ಲಿಲ್ಲ. ಇವರಿಗೆ ಸಿಟ್ಟು ಜಾಸ್ತಿ ಅಂತ ಯಾರೋ ಹೇಳಿದ್ರು. ಬಪ್ಪನತ್ರ ಬೇಡ ಅಂತ ಹೇಳ್ಲಿಕ್ಕೆ ಹೊರಟಿದ್ದೆ. ಆ ದಿನ ಅಣ್ಣ ಗೆದ್ದ ಕಪ್ಪು ಹಿಡ್ಕೊಂಡು ಬಂದು ಹೇಳಿದ, ಪುದಿಯಾಪ್ಲೆ ಬೇಕಂತಲೇ ಬಿಟ್ಟದ್ದು ಅಂತ. ಆಗ ಉಮ್ಮ ನನ್ನ ಕೈ ಹಿಡ್ದು, ಅಷ್ಟು ಜನರೆದುರು ನಿನ್ನ ಅಣ್ಣನಿಗೆ ಮರ್ಯಾದೆ ಕೊಟ್ಟವ ನಿನ್ನನ್ನು ಬೇಜಾರು ಮಾಡ್ಲಿಕ್ಕಿಲ್ಲ, ಹೋಗು ಅಂದ್ರು. ಅದನ್ನೇ ನಂಬಿ ನಾನು ಬಂದದ್ದು."

ಅವಳ ಮುಖ ನೋಡಿದೆ. ದಮ್ಮಾಮಿನ ಹನ್ನೆರಡು ವರ್ಷ ಇಲ್ಲಿ ಒಬ್ಬಳೇ ಮಕ್ಕಳನ್ನು ಸಾಕಿದವಳು. ನನ್ನ ಸಿಟ್ಟನ್ನು, ಅವಳ ಫೋನನ್ನು ಕೂಡ ಅನುಮಾನಿಸುವ ನನ್ನ ಈ ಬುದ್ಧಿಯನ್ನು ಇಷ್ಟು ಕಾಲ ಯಾವುದರ ಬಲದ ಮೇಲೆ ಸಹಿಸಿದಳು ಎಂದು ನನಗೆ ಆಗ ತಿಳಿಯಿತು. ನನಗೆ ನಾಚಿಕೆಯಾಯಿತು.

ಕ್ಯಾಪ್ಟನ್ ಲೋಟ ಕೆಳಗಿಟ್ಟ.

"ಹೌದಾ?" ಎಂದು ಕೇಳಿದ. "ಬಿಟ್ಟದ್ದಾ ನೀನು?"

ಕೊನೆಗೂ ಒಬ್ಬ ಬಾಯಿಬಿಟ್ಟು ಕೇಳಿದ್ದ. ಬಾಗಿಲಲ್ಲಿ ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಹೌದು," ಎಂದೆ. "ಬಿಟ್ಟದ್ದು."

ಅವಳು ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಇನ್ನೊಂದು ಸುತ್ತು ಚಹಾ ತರಲು ಒಳಗೆ ಹೋದಳು. ಭಾವ ಸಮೋಸದ ಬಟ್ಟಲನ್ನು ನನ್ನ ಕಡೆಗೆ ದೂಡಿದ. ಕ್ಯಾಪ್ಟನ್ ಎದ್ದು ಜಗಲಿಗೆ ಹೋದ. ನಾನು ಹಿಂದೆಯೇ ಹೋದೆ. ಅವನು ಬಗ್ಗಿ ಚಪ್ಪಲಿಯ ಬಾರು ಹಾಕಿಕೊಳ್ಳುತ್ತಿದ್ದ, ಬಹಳ ಹೊತ್ತು ಹಾಕಿಕೊಂಡ.

"ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ ಮಾರಾಯ," ಎಂದ. "ಜಾರಿದ್ದು ಅಂತ ನನ್ನ ಕಣ್ಣಿಗೆ ಕಂಡದ್ದು. ಬೇಕರಿಯಲ್ಲಿ, ಸಲೂನಲ್ಲಿ, ಎಲ್ಲಿ ಮಾತು ಬಂದ್ರೂ ನಿನ್ನ ಪರವಾಗಿ ಜಗಳ ಮಾಡಿದ್ದೇನೆ. ನನ್ನ ತಮ್ಮನೇ ಇದಕ್ಕೋಸ್ಕರ ನನ್ನತ್ರ ಮಾತು ಬಿಟ್ಟಿದ್ದ. ಈ ಸಲ ನಿನ್ನನ್ನು ಕರೆದದ್ದೂ ಅದಕ್ಕೇ."

ಒಳಗೆ ಲೋಟಗಳ ಸದ್ದಾಗುತ್ತಿತ್ತು. ಅವನು ಸ್ಕೂಟರ್ ತಿರುಗಿಸಿ, ಹಿಂದೆ ನೋಡದೆ ಗೇಟು ದಾಟಿ ಹೋದ.

ಹೆಂಡತಿ ಚಹಾ ಹಿಡಿದು ಬಂದಳು.

"ಅವರು ಹೋದ್ರಾ? ಒಂದು ಲೋಟ ಕುಡ್ದು ಹೋಗ್ಬಹುದಿತ್ತು."

"ಅಂಗಡಿಯಲ್ಲಿ ಕೆಲಸ ಉಂಟಂತೆ," ಎಂದೆ.